ಗಾಳೆವ್ವ ಸತ್ತ ಮೇಲೆ

ನಮ್ಮ ಊರಿನಲ್ಲಿ ಕೂಸು ಹುಟ್ಟಿದ ಮನೆಯ ಸೂರಿನ ಮೇಲೆ ಒಂದು ಗೊರವಂಕ ಬಂದು ಕೂರುತ್ತದೆ. ಮನುಷ್ಯರ ಮಾತಿನಲ್ಲಿ ಒಂದೇ ಒಂದು ವಾಕ್ಯ ಹೇಳಿ ಹಾರಿಹೋಗುತ್ತದೆ. ಆ ಕೂಸಿನ ಬದುಕಿನಲ್ಲಿ ಮುಂದೆ ಆಗಬೇಕಾದದ್ದು ಆ ವಾಕ್ಯದಲ್ಲಿರುತ್ತದೆ. ಇದರಲ್ಲಿ ಬೆರಗಾಗುವಂಥದ್ದು ನಮಗೇನೂ ಕಾಣುವುದಿಲ್ಲ. ಹಕ್ಕಿ ತಡವಾಗಿ ಬಂದರೆ ಸೂಲಗಿತ್ತಿ ಅದನ್ನು ಬೈಯುತ್ತಾಳೆ, ಅಷ್ಟೆ. ಬೆರಗಾಗಬೇಕಾದದ್ದು ಬೇರೆ ಇದೆ. ಕೋಟೆಯೊಳಗಿನ ಮನೆಗಳಿಗೆ ಹಕ್ಕಿ ಬಂದರೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಕೇಳಿಸಿಕೊಳ್ಳುತ್ತಾರೆ. ಕೋಟೆಯ ಹೊರಗಿನ ನಮ್ಮ ಕೇರಿಯಲ್ಲಿ ಕೂಸು ಹುಟ್ಟಿದರೆ ಮಾತ್ರ ಹೊತ್ತು ಮುಳುಗುವ ತನಕ ಹಲಗೆ ಬಾರಿಸಬೇಕು. ಅದು ಕೋಟೆಯ ಕಟ್ಟಳೆ. ಹಲಗೆಯ ಸದ್ದಿನಲ್ಲಿ ಹಕ್ಕಿ ಏನು ಹೇಳಿತೋ ಯಾರ ಕಿವಿಗೂ ಬೀಳುವುದಿಲ್ಲ. ಚಿಕ್ಕವನಿದ್ದಾಗ ನಾನು ಅದನ್ನು ಸಂಭ್ರಮವೆಂದೇ ತಿಳಿದಿದ್ದೆ. ನಮ್ಮ ಮನೆಯ ಕೂಸಿಗೆ ಕೋಟೆಯವರೇ ಹಲಗೆ ಬಾರಿಸಿರೆಂದು ಹೇಳಿಕಳಿಸುತ್ತಾರಲ್ಲ, ಎಷ್ಟು ಒಳ್ಳೆಯ ಜನ ಅಂದುಕೊಂಡಿದ್ದೆ.

ಹೀಗಾಗಿ ಕೋಟೆಯವರಿಗೆಲ್ಲ ತಲೆಗೊಂದು ವಾಕ್ಯವಿತ್ತು. ನಮಗೆ ಇರಲಿಲ್ಲ. ನಾವು ಅವರ ವಾಕ್ಯಗಳ ಒಳಗಿದ್ದೆವು. ಯಾರದೋ ವಾಕ್ಯದಲ್ಲಿ ‘ನೂರು ಹೆಗಲ ಮೇಲೆ ಮೆರೆಯುವನು’ ಎಂದಿದ್ದರೆ ಆ ಹೆಗಲು ನಮ್ಮವು. ಇನ್ಯಾರದೋ ವಾಕ್ಯದಲ್ಲಿ ‘ಬೆಂಕಿಯ ನಡುವಿನಿಂದ ಕೂದಲೂ ಕೊಂಕದೆ ಬರುವಳು’ ಎಂದಿದ್ದರೆ, ಕೂದಲು ಕೊಂಕಬೇಕಾದವರು ಅವಳ ಸುತ್ತ ನಿಂತ ನಾವು. ಕೇರಿಯ ಹಿರಿಯ ಬರಮಜ್ಜ ಎಲೆಯಡಿಕೆ ಜಗಿಯುತ್ತ ಹೇಳುತ್ತಿದ್ದ: “ಅವರ ಮದುವ್ಯಾಗೆ ಉಂಡ ಎಲೆ ಎತ್ತೋರೂ ನಾವೇ, ಅವರ ವಾಕ್ಯದಾಗೆ ಹೆಣ ಬೀಳೋರೂ ನಾವೇ. ಕೆಲಸ ಅಂತೂ ತಪ್ಪಂಗಿಲ್ಲ ನೋಡು.” ಹೇಳಿ ತಾನೇ ನಗುತ್ತಿದ್ದ. ನಾವೂ ನಗುತ್ತಿದ್ದೆವು.

ಕೋಟೆಯವರ ಮೈಗೇ ನೋವಾಗುವ ವಾಕ್ಯ ಬಂದರೆ ಅದಕ್ಕೆ ದಾರಿಯಿತ್ತು. ಅದನ್ನು ‘ಬದಲಿ’ ಎನ್ನುತ್ತಿದ್ದರು. ಒಬ್ಬನ ವಾಕ್ಯದಲ್ಲಿ ‘ಸೋದರಮಾವನ ತಲೆ ಕಡಿಯುವನು’ ಎಂದಿತ್ತು. ಅವನಿಗೆ ಪ್ರಾಯ ಬಂದಾಗ ಒಂದು ಕುಂಬಳಕಾಯಿಗೆ ಇದ್ದಿಲಿನಿಂದ ಮೀಸೆ ಬರೆದು, ಮಾವನ ರುಮಾಲು ಸುತ್ತಿ, ಊರಿನ ಮುಂದೆ ಕಡಿಸಿದರು. ವಾಕ್ಯಗಳನ್ನೆಲ್ಲ ಬಾಯಿಪಾಠ ಇಟ್ಟುಕೊಂಡಿರುವ ವಾಕ್ಯದಯ್ಯ ‘ತೀರಿತು’ ಎಂದು ಕೈಯೆತ್ತಿದ. ಆವತ್ತಿನ ಊಟದಲ್ಲಿ ಆ ಕುಂಬಳಕಾಯಿಯ ಪಲ್ಯವನ್ನು ಮಾವನೇ ಎರಡು ಸಲ ಬಡಿಸಿಕೊಂಡು ತಿಂದ. ಇಂಥ ಬದಲಿಗಳಿಗೆ ಹಕ್ಕಿಯ ತಕರಾರು ಎಂದೂ ಇರಲಿಲ್ಲ. ಆದರೆ ವಾಕ್ಯದಲ್ಲಿ ನೋವು ತಿನ್ನಬೇಕಾದವರು ನಾವಾಗಿದ್ದರೆ ಕುಂಬಳಕಾಯಿಯ ನೆನಪು ಯಾರಿಗೂ ಆಗುತ್ತಿರಲಿಲ್ಲ.

ಕೋಟೆಯ ಯಜಮಾನನನ್ನು ನಾವು ಹಿರೇಧಣಿ ಎನ್ನುತ್ತಿದ್ದೆವು. ಅವನಿಗೊಬ್ಬನೇ ಮಗ, ಚನ್ನವೀರ. ಚನ್ನವೀರ ಹುಟ್ಟಿದಾಗ ಹಕ್ಕಿ ಹೇಳಿದ್ದು ಇಡೀ ಊರಿಗೆ ಗೊತ್ತಿತ್ತು. ಎಡಗೈಯವಳೊಬ್ಬಳು ತನ್ನ ಪ್ರಾಣ ಕೊಟ್ಟು ಇವನ ಪ್ರಾಣ ಉಳಿಸುವಳು, ಆಮೇಲೆ ಇವನು ಗಾದಿಯೇರುವನು. ಕೋಟೆಯೊಳಗೂ ಎಡಚ ಹೆಂಗಸರಿದ್ದರು. ಅವರಿಗೆ ಅದು ಅಭ್ಯಾಸ ಎನ್ನುತ್ತಿದ್ದರು. ನಮ್ಮವರಿಗೆ ಮಾತ್ರ ಅದು ಗುರುತು.

ನನ್ನ ಅಣ್ಣ ಹೊನ್ನೂರ ಮದುವೆಯಾಗಿ ಕರೆತಂದ ಗಾಳೆವ್ವ ಬೇರೆ ಊರಿನವಳು; ಹಿರಿಯರ ಬಾಯಲ್ಲಿ ಬರೀ ‘ಗಾಳಿ’. ಅವಳ ತವರಿನಲ್ಲಿ ಗೊರವಂಕ ಮಾತಾಡುತ್ತಿರಲಿಲ್ಲ. “ನಮ್ಮೂರಾಗೆ ಹಕ್ಕಿ ಕಾಳು ತಿಂತಾವೆ, ಹಿಕ್ಕೆ ಹಾಕ್ತಾವೆ, ಹೋಗ್ತಾವೆ” ಎಂದು ಬಂದ ಹೊಸತರಲ್ಲಿ ನಗುತ್ತಿದ್ದಳು. ಆ ಸುಗ್ಗಿಯಲ್ಲಿ ಕೋಟೆಯ ಕಣದಲ್ಲಿ ಜೋಳ ತೂರುವಾಗ ಮೊರ ಎಡಗೈಯಲ್ಲಿ ಹಿಡಿದದ್ದನ್ನು ವಾಕ್ಯದಯ್ಯ ನೋಡಿದ. ಮರುದಿನದಿಂದ ಅವಳ ಕೆಲಸ ಚನ್ನವೀರನ ಹಿಂದೆ ನಡೆಯುವುದು. ಅವನು ಕೆರೆಗೆ ಹೋದರೆ ಕೆರೆಗೆ, ಗುಡ್ಡಕ್ಕೆ ಹೋದರೆ ಗುಡ್ಡಕ್ಕೆ. ಯಾವಾಗ ಬೀಳುತ್ತಾನೋ, ಯಾವ ಹಾವು ಕಚ್ಚುತ್ತದೋ ಹೇಳುವಂತಿಲ್ಲವಲ್ಲ. ಅಣ್ಣ ಮಾತು ಕಡಿಮೆಯ ಮನುಷ್ಯ. ಪ್ರತಿ ದಿನ ಸಂಜೆ ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದ. ಅವಳು ತಿರುವಿನಲ್ಲಿ ಕಂಡ ಮೇಲೆಯೇ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದ.

ಚನ್ನವೀರ ಕೆಟ್ಟವನಲ್ಲ. ಕೆಟ್ಟವನಾಗುವ ಅಗತ್ಯವೇ ಅವನಿಗೆ ಬಂದಿರಲಿಲ್ಲ. ತಿಂದ ಮಾವಿನಹಣ್ಣಿನಲ್ಲಿ ಅರ್ಧ ಅವಳಿಗೂ ಕೊಡುತ್ತಿದ್ದ. ಅತ್ತಿಗೆಯೂ ಅವನನ್ನು ಕಾಡಿಸದೆ ಬಿಡುತ್ತಿರಲಿಲ್ಲ. “ಸಣ್ಣಧಣಿ, ಇವತ್ತು ಸಾಯೋದು ಗೀಯೋದು ಏನಾರ ಐತಾ? ಇಲ್ಲಾಂದ್ರೆ ಹೇಳಿಬಿಡು, ಮನೆಗೆ ಹೋಗಿ ರೊಟ್ಟಿ ಬಡೀತೀನಿ.” ಅವನು ನಗುತ್ತಿದ್ದ. ಅದು ತಮಾಷೆಯೆಂದೇ ಅವನ ನಂಬಿಕೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಮ್ಮೆ ಹಗೇವು ತೆಗೆಯುವ ದಿನ ಬಂತು. ನೆಲದೊಳಗೆ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡುವ ಗುಂಡಿ ಅದು. ಬಾಯಿ ತೆಗೆದ ಕೂಡಲೇ ಒಳಗಿಳಿಯಬಾರದೆಂದು ನಮ್ಮ ಕೇರಿಯ ಎಳೆಮಕ್ಕಳಿಗೂ ಗೊತ್ತು. ಒಳಗೆ ಕೂತ ಕೆಟ್ಟ ಗಾಳಿ ಹೊರಗೆ ಹೋಗಬೇಕು. ಕಂದೀಲು ಇಳಿಬಿಟ್ಟು ಅದು ಆರದೆ ಉರಿಯುತ್ತದೆಯೇ ನೋಡಬೇಕು. ಆವತ್ತು ನಾನೂ ಅಣ್ಣನೂ ಕಲ್ಲು ಸರಿಸಿ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದೆವು. ಚನ್ನವೀರ ಗೆಳೆಯರ ಜೊತೆ ಬಂದ. ಯಾರು ಮೊದಲು ಇಳಿಯುತ್ತಾರೆ ಎಂದು ಅವರೊಳಗೆ ಪಂಥ ಹುಟ್ಟಿತು.

“ಧಣೇರೆ, ಬ್ಯಾಡ್ರಿ. ಒಂದೀಟು ಹೊತ್ತು ತಡೀರಿ” ಎಂದ ಅಣ್ಣ.

“ನನಗೇನಾಗತ್ತೆ ಹೊನ್ನೂರ?” ಚನ್ನವೀರ ಅತ್ತಿಗೆಯ ಕಡೆ ಕೈ ತೋರಿಸಿದ. “ನನ್ನ ವಾಕ್ಯದವಳು ಇಲ್ಲೇ ನಿಂತಿದ್ದಾಳಲ್ಲ.”

ಹೀಗೆ ಹೇಳಿ ಇಳಿದೇಬಿಟ್ಟ. ಬೇರೆ ಯಾವ ಊರಿನವನೇ ಆಗಿದ್ದರೂ ಬಾಯಿ ತೆಗೆದ ಹಗೇವಿಗೆ ಹಾಗೆ ಇಳಿಯುತ್ತಿರಲಿಲ್ಲ. ಒಳಗೆ ಧೊಪ್ಪೆಂದ ಸದ್ದು ಬಂತು. ಆಮೇಲೆ ಸದ್ದಿಲ್ಲ. ಗೆಳೆಯರು ಹಿಂದೆ ಸರಿದರು. ಕಣದಲ್ಲಿದ್ದವರೆಲ್ಲ ಅತ್ತಿಗೆಯತ್ತ ತಿರುಗಿದರು. ವಾಕ್ಯದಯ್ಯ ಎದೆ ಬಡಿದುಕೊಂಡು ಓಡಿಬಂದ. “ಇಳಿ ಗಾಳಿ, ಇಳಿ! ನಿನ್ನ ಹೊತ್ತು ಬಂತು!”

“ಬಂದಿದ್ರೆ ಬರ್ಲಿ. ಮೊದ್ಲು ಹಗ್ಗ ತಗಂಬರ್ರಿ” ಎಂದಳು ಅತ್ತಿಗೆ.

ಅವಳು ಹಾರಲಿಲ್ಲ. ನನ್ನ ಕಂಬಳಿ ಕಸಿದು ಗುಂಡಿಯ ಬಾಯಲ್ಲಿ ಮೇಲೆ ಕೆಳಗೆ ಬೀಸಿದಳು. ಸೆರಗು ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿದಳು. ಸೊಂಟಕ್ಕೆ ಒಂದು ಹಗ್ಗ, ಕೈಯಲ್ಲಿ ಇನ್ನೊಂದು. ಅಣ್ಣನ ಮುಖ ನೋಡಿ, “ಎಳಿ ಅಂದ್ರೆ ಎಳಿ. ಅನ್ನದಿದ್ರೂ ಎಳಿ” ಎಂದು ಇಳಿದಳು. ಅಣ್ಣ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿ ಹಿಡಿದ, ಅವನ ಹಿಂದೆ ನಾನು ಹಿಡಿದೆ. ಮೊದಲು ಚನ್ನವೀರನನ್ನು ಎಳೆದೆವು, ಆಮೇಲೆ ಅವಳನ್ನು. ಅವನು ವಾಂತಿ ಮಾಡಿ ಕಣ್ಣು ಬಿಟ್ಟ. ಅವಳು ಬೂದಿಯ ಬಣ್ಣಕ್ಕೆ ತಿರುಗಿ ಅಂಗಾತ ಬಿದ್ದಿದ್ದಳು. ವಾಕ್ಯದಯ್ಯ ಚಟ್ಟಕ್ಕೆ ಬಿದಿರು ತರಲು ಆಗಲೇ ಹೇಳಿಕಳಿಸಿಯಾಗಿತ್ತು.

ಅತ್ತಿಗೆ ಕೆಮ್ಮಿದಳು. ಎದ್ದು ಕೂತಳು. ನೀರು ಕೇಳಿದಳು.

ಯಾರೂ ಕೊಡಲಿಲ್ಲ. ಎಲ್ಲರೂ ಸುತ್ತ ನಿಂತು ಕಾಯುತ್ತಿದ್ದರು. ಸಿಟ್ಟಿನಿಂದಲ್ಲ, ಬಸ್ಸಿಗೆ ಕಾಯುವ ಹಾಗೆ ಸುಮ್ಮನೆ ಕಾಯುತ್ತಿದ್ದರು. ಅಣ್ಣ ಜನರನ್ನು ನೂಕಿ ಹೋಗಿ ತನ್ನ ಮಗೆಯಿಂದ ಅವಳ ಬಾಯಿಗೆ ನೀರು ಹಾಕಿದ. ಆ ಕಡೆ ಬಿದ್ದಿದ್ದ ಚನ್ನವೀರ ತಲೆಯೆತ್ತಿ ಅವಳನ್ನು ನೋಡಿ, “ನೀನು… ಇನ್ನೂ…?” ಎಂದ.

“ಹೂಂ, ಇನ್ನೂ” ಎಂದಳು.

ಕೋಟೆಗೆ ಇದು ದೊಡ್ಡ ತಲೆನೋವಾಯಿತು. ಮಗ ಉಳಿದ ಸಂತೋಷಕ್ಕಿಂತ ವಾಕ್ಯ ಅರ್ಧಕ್ಕೆ ನಿಂತ ಚಿಂತೆಯೇ ಹಿರೇಧಣಿಗೆ ಹೆಚ್ಚಾಯಿತು. ಅವನಿಗೂ ವಯಸ್ಸಾಗಿತ್ತು, ಕಣ್ಣೆದುರಿಗೆ ಮಗನನ್ನು ಗಾದಿಯಲ್ಲಿ ನೋಡುವ ಆಸೆ. ಚಾವಡಿಯಲ್ಲಿ ದಿನಾಲೂ ಕೂಟ ಸೇರುತ್ತಿತ್ತು. ಒಳಗೆ ಕಸ ಗುಡಿಸುವ ನಮ್ಮವರು ಸುದ್ದಿ ತರುತ್ತಿದ್ದರು. ಒಬ್ಬ ಹಾಲಿನಲ್ಲಿ ಏನಾದರೂ ಹಾಕೋಣ ಅಂದನಂತೆ. ಇನ್ನೊಬ್ಬ, ಪಾಪ, ನೋವಾಗದ ಹಾಗೆ ಗುಡ್ಡದ ಮೇಲಿಂದ ನೂಕೋಣ ಅಂದನಂತೆ. ಯಾರಿಗೂ ಅವಳ ಮೇಲೆ ಹಗೆ ಇರಲಿಲ್ಲ. ಉಳಿದ ಕೆಲಸ ಮುಗಿಸುವ ಮಾತಷ್ಟೇ.

ಆ ಭಾನುವಾರ ನಮ್ಮ ಜಗುಲಿಯಲ್ಲಿ ಎಂದಿನಂತೆ ಓದುವ ಬಳಗ ಸೇರಿತು. ನಾನು ಗಟ್ಟಿಯಾಗಿ ಓದುವುದು, ಅಕ್ಷರ ಬಂದವರು, ಬಾರದವರು ಎಲ್ಲ ಕೂತು ಕೇಳುವುದು, ನಡುನಡುವೆ ಜಗಳವಾಡುವುದು. ಆಗ ಓದುತ್ತಿದ್ದದ್ದು ರಟ್ಟು ಕಿತ್ತುಹೋದ ಒಂದು ದಪ್ಪ ಮಾಯಾಲೋಕದ ಕಾದಂಬರಿ. ರಾಜಕುಮಾರ ಹುಟ್ಟುವಾಗಲೇ ಒಂದು ಭವಿಷ್ಯವಾಣಿ, ಇವನು ರಾಕ್ಷಸನನ್ನು ಕೊಂದು ಏಳು ನಾಡು ಆಳುವನೆಂದು. ಅರ್ಧ ಪುಸ್ತಕದಲ್ಲಿ ಒಬ್ಬ ದಾಸಿ ಅವನಿಗಿಟ್ಟ ವಿಷವನ್ನು ತಾನು ಕುಡಿದು ಸಾಯುತ್ತಾಳೆ. ರಾಜಕುಮಾರ ಒಂದು ಪುಟ ಅಳುತ್ತಾನೆ. ಆಮೇಲೆ ಕುದುರೆ ಹತ್ತುತ್ತಾನೆ.

“ತಡಿ ಮೈದುನ” ಎಂದಳು ಅತ್ತಿಗೆ. ಇನ್ನೂ ಕೆಮ್ಮು ನಿಂತಿರಲಿಲ್ಲ. “ಆ ದಾಸಿಗೆ ಆವತ್ತು ಬ್ಯಾರೆ ಕೆಲಸ ಏನಿತ್ತು?”

“ಬೇರೆ ಕೆಲಸ?”

“ಒಲಿ ಮ್ಯಾಗೆ ಏನಾರ ಇಟ್ಟಿದ್ದಳಾ? ಮಗಳಿಗೆ ತಲೆ ಬಾಚಬೇಕಿತ್ತಾ? ಮಧ್ಯಾಹ್ನ ಎಲ್ಲಿಗಾರ ಹೋಗೋದಿತ್ತಾ?”

“ಬರೆದಿಲ್ಲ ಅತ್ತಿಗೆ.”

“ಈ ಬರೆಯೋರಿಗೆ ಭವಿಷ್ಯವಾಣಿ ಯಾಕೆ ಬೇಕಾಗ್ತತಿ?”

ನಾನು ತಿಳಿದವನ ಹಾಗೆ, “ಕಥೆ ಮುಂದಕ್ಕೆ ಹೋಗಬೇಕಲ್ಲ” ಎಂದೆ.

“ಮುಂದಕ್ಕೆ ಹೋಗಾಕೆ ಅವನೇ ನಡೀಬೋದಲ್ಲ. ಕಾಲಿಲ್ಲೇನು ಅವನಿಗೆ?”

ಬಳಗವೆಲ್ಲ ನಕ್ಕಿತು. ಬರಮಜ್ಜ ಮಾತ್ರ ನಗಲಿಲ್ಲ. “ನಗಬ್ಯಾಡ್ರಲೇ. ನಾಳೆ ಚಾವಡಿಗೆ ಕರೆದಾರೆ” ಎಂದ. ಪುಸ್ತಕ ಅಲ್ಲಿಗೇ ಮುಚ್ಚಿದೆ. ರಾಕ್ಷಸ ಸತ್ತನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ತಿಳಿಯಬೇಕೆನಿಸಿಲ್ಲ.

ಚಾವಡಿಯಲ್ಲಿ ಹಿರೇಧಣಿ ದಿಂಬಿಗೊರಗಿ ಕೂತಿದ್ದ. ನಾವು ಮೆಟ್ಟಿಲ ಕೆಳಗೆ ನಿಂತಿದ್ದೆವು. ವಾಕ್ಯದಯ್ಯ ಗಂಟಲು ಸರಿಮಾಡಿಕೊಂಡ. “ಧಣಿಗಳು ದೊಡ್ಡ ಮನಸ್ಸು ಮಾಡಿದ್ದಾರೆ. ನಿಮ್ಮ ಕೇರಿಗೆ ಎಂದೂ ಕೊಡದೇ ಇರೋದನ್ನ ಕೊಡ್ತಿದ್ದಾರೆ. ಗಾಳಿಗೆ ಬದಲಿ.”

ಬರಮಜ್ಜ ಅಲ್ಲೇ ಅಡ್ಡಬಿದ್ದ. ಅವನ ಕಣ್ಣಲ್ಲಿ ನೀರು. “ಜೀವ ಉಳೀತಲ್ಲ ಧಣೇರೆ, ಇನ್ನೇನು ಬೇಕು ನಮಗೆ!”

ಬದಲಿ ಹೀಗಿತ್ತು: ಹುಲ್ಲಿನ ಗೊಂಬೆಗೆ ಗಾಳೆವ್ವನ ಸೀರೆ ಉಡಿಸಿ ಮಣ್ಣು ಮಾಡುವುದು. ಆವತ್ತಿನಿಂದ ಅವಳು ಸತ್ತವಳು. ಮರುದಿನ ಚನ್ನವೀರನಿಗೆ ಗಾದಿ.

“ಅಯ್ಯನೋರೆ, ಸತ್ತೋಳಿಗೆ ಕಟ್ಟಳೆ ಏನು?” ಎಂದು ಕೇಳಿದಳು ಅತ್ತಿಗೆ.

“ಸತ್ತವರಿಗೇನು ಕಟ್ಟಳೆ? ಕಟ್ಟಳೆ ಇರೋದು ಉಳಿದವರಿಗೆ. ನಿನ್ನನ್ನ ಯಾರೂ ಕಾಣಬಾರದು, ಮುಟ್ಟಬಾರದು, ಮಾತಾಡಿಸಬಾರದು. ನಿನಗೆ ಏನನ್ನೂ ಕೊಡಬಾರದು.”

“ಕಂಡುಬಿಟ್ರೆ?”

“ಕೇರಿಯವರು ಕಂಡರೆ ಕಂಬಕ್ಕೆ ಕಟ್ಟಿ ಹೊಡೆಸ್ತೀವಿ. ಕೋಟೆಯವರು ಕಂಡರೆ ನೀನು ಬದುಕಿದ್ದೀಯ ಅಂತ ಕೋಟೆಯೇ ಒಪ್ಪಿದ ಹಾಗಾಯ್ತು. ಆಗ ವಾಕ್ಯ ಮುರೀತು. ಸಣ್ಣಧಣಿ ಗಾದಿ ಇಳೀಬೇಕಾಗತ್ತೆ.”

“ಹೂಂ” ಎಂದಳು.

ಮುಂದೆ ಹಲಗೆ ಬಾರಿಸುತ್ತಿದ್ದರು, ತನ್ನ ಹೆಣದ ಹಿಂದೆ ಅವಳೇ ನಡೆದಳು. ಗೊಂಬೆಗೆ ತುಂಬಿದ ಹುಲ್ಲು ಮುಗ್ಗಲು ವಾಸನೆ ಹೊಡೆಯುತ್ತಿತ್ತು. “ಸತ್ತಾಗಲಾದ್ರೂ ಒಳ್ಳೆ ಹುಲ್ಲು ಹಾಕಬಾರದೇನಪಾ” ಎಂದು ಗೊಣಗಿದಳು. ಸೀರೆ ಅಣ್ಣ ಮದುವೆಗೆ ತಂದದ್ದು, ಕೆಂಪಂಚಿನದು. ಅದರ ಮೇಲೆ ಮಣ್ಣು ಬೀಳುವಾಗ ಮಾತ್ರ ಅವಳು ಆಚೆ ತಿರುಗಿದಳು. ವಾಕ್ಯದಯ್ಯ ‘ತೀರಿತು’ ಎಂದು ಕೈಯೆತ್ತಿದ. ಆ ಕ್ಷಣದಿಂದ ಜನ ಅವಳನ್ನು ನೋಡುವುದು ನಿಲ್ಲಿಸಿದರು. ನಮ್ಮ ಜನವೇ. ಕೇರಿಯಲ್ಲಿ ಅವಳು ಎದುರು ಬಂದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಅವಳ ಜೊತೆ ಕಳೆ ಕಿತ್ತವರು, ತಮ್ಮ ಹೆರಿಗೆಯಲ್ಲಿ ಅವಳ ಕೈ ಹಿಡಿದು ಕಿರುಚಿದವರು. ಮನೆಯೊಳಗೆ ಬಾಗಿಲು ಹಾಕಿಕೊಂಡು ಅಣ್ಣ ಮತ್ತು ನಾನು ಪಿಸುಮಾತಿನಲ್ಲಿ ಮಾತಾಡಿಸುತ್ತಿದ್ದೆವು. “ಗಟ್ಟಿಯಾಗಿ ಮಾತಾಡ್ರಲೇ, ಕಿವಿ ಸತ್ತಿಲ್ಲ” ಎಂದು ಬೈದಳು. ಆದರೂ ನಾವು ಪಿಸುಗುಟ್ಟಿದೆವು. ಹೊರಗೆ ಕೋಟೆಯ ಆಳು ತಿರುಗುತ್ತಿದ್ದ.

ಕೆಲವು ದಿನ ಅವಳು ಮೂಲೆ ಹಿಡಿದು ಕೂತಳು. ಒಂದು ಬೆಳಿಗ್ಗೆ ಎದ್ದು ತಲೆ ಬಾಚಿ, “ಕಾಲು ಜೋಮು ಹಿಡಿದಾವೆ, ಇಷ್ಟು ವರ್ಷ ಅವನ ಹಿಂದೆ ನಡೆದು ನಡೆದು ಕೂತಲ್ಲಿ ಕೂರಾಕೆ ಆಗವಲ್ದು” ಎಂದು ಹೊರಟಳು. ಕೋಟೆಯ ಬಾಗಿಲಿಗೆ ಹೋದಳು. ಬಾಗಿಲ ಕಾವಲಿನವನು ಕೋಲು ಅಡ್ಡ ಹಿಡಿಯಲು ಎತ್ತಿದವನು ನೆನಪಾಗಿ ಅದರಿಂದ ಬೆನ್ನು ಕೆರೆದುಕೊಂಡು ಆಕಾಶ ನೋಡಿದನಂತೆ. ಅತ್ತಿಗೆ ಒಳಗೆ ಹೋದಳು.

ಸಂಜೆ ಬಂದವಳ ಮುಖ ಬೇರೆಯೇ ಆಗಿತ್ತು. “ಅವರ ಬಾವಿ ನೀರು ಸಪ್ಪೆ ಕಣ್ರಲೇ. ಇಷ್ಟು ದಿನ ಏನೋ ಅಮೃತ ಇರಬೋದು ಅಂದ್ಕಂಡಿದ್ದೆ” ಎಂದಳು. ತೂಗುಮಂಚದ ಮೇಲೆ ಕೂತು ತೂಗಿಕೊಂಡಳಂತೆ. ಹಿರೇಧಣಿಯ ಸೊಸೆ, ಚನ್ನವೀರನ ಹೆಂಡತಿ, ಬಂದು ಅದೇ ಮಂಚದಲ್ಲಿ ಕೂರಲು ನೋಡಿ, ಅಡಿಗೆಮನೆಗೆ ವಾಪಸು ಹೋದಳಂತೆ. “ಏಳು ಅನ್ನಬೇಕಂದ್ರೆ ನನ್ನ ಕಾಣಬೇಕಲ್ಲ!” ಅತ್ತಿಗೆ ನಕ್ಕು ನಕ್ಕು ಕೆಮ್ಮಿದಳು. ಅಣ್ಣನೂ ನಕ್ಕ. ಅವನ ನಗೆಯನ್ನು ನಾನು ಎಷ್ಟೋ ಕಾಲದ ಮೇಲೆ ಕೇಳಿದೆ.

ಅವಳು ದಿನವೂ ಹೋಗತೊಡಗಿದಳು. ಚನ್ನವೀರ ಗಾದಿಯಲ್ಲಿ ಕೂತು ನ್ಯಾಯ ಹೇಳುವಾಗ ಚಾವಡಿಯ ನಡುವೆ ನಿಂತು ಅವಳೂ ಹೇಳುತ್ತಿದ್ದಳು. ಕೋಟೆಯವನೊಬ್ಬ ನಮ್ಮ ಹುಡುಗನ ಮೇಲೆ ಕಳವು ಹೊರಿಸಿದರೆ, “ಅದು ಇವನ ತಮ್ಮನ ಹಾಸಿಗಿ ಕೆಳಗೈತೆ, ನಾನೇ ನಿನ್ನೆ ನೋಡಿದೆ” ಎನ್ನುತ್ತಿದ್ದಳು. ಯಾರೂ ಕೇಳಿಸಿಕೊಳ್ಳುವಂತಿರಲಿಲ್ಲ. ಎಲ್ಲರಿಗೂ ಕೇಳಿಸುತ್ತಿತ್ತು. ಒಂದು ದಿನ ಕಾಲು ನೋಯುತ್ತದೆಂದು ಮೆಟ್ಟಿಲು ಹತ್ತಿ ಗಾದಿಯ ಮೇಲೆಯೇ, ಚನ್ನವೀರನ ಪಕ್ಕದಲ್ಲಿ ಕೂತಳು. ಅವನು ಸ್ವಲ್ಪ ಸರಿದು ಜಾಗ ಕೊಟ್ಟ. ಕಾಣದಿದ್ದವನು ಯಾಕೆ ಸರಿದ ಎಂದು ಯಾರೂ ಕೇಳಲಿಲ್ಲ.

ಕೋಟೆಗೆ ಅವಳನ್ನು ಏನೂ ಮಾಡಲಾಗಲಿಲ್ಲ. ಹೊಡೆಯಬೇಕೆಂದರೂ ಕಾಣಬೇಕು. ಕೊಲ್ಲಬೇಕೆಂದರೆ, ಈಗಾಗಲೇ ಸತ್ತವಳನ್ನು ಕೊಂದರೆ ಮೊದಲ ಸಾವು ಸುಳ್ಳಾಗುತ್ತದೆ. ಹಾಗಾಗಿ ಆ ಸಿಟ್ಟೆಲ್ಲ ನಮ್ಮ ಕೇರಿಯ ಮೇಲೆ ತಿರುಗಿತು. ಯಾರು ಅವಳನ್ನು ಕಾಣುತ್ತಾರೋ ಹಿಡಿಯಿರಿ ಎಂದು ಆಳುಗಳು ಹಗಲೆಲ್ಲ ಸುತ್ತಿದರು. ಸಿಕ್ಕಿಬಿದ್ದವನು ಬರಮಜ್ಜ. ಅವಳು ಅವನ ಕಟ್ಟೆಯ ಮುಂದೆ ಹಾಯುವಾಗ, ವರ್ಷಗಳ ರೂಢಿಯಂತೆ, ಚೀಲ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿ ಅವಳತ್ತ ಚಾಚಿದ್ದ. ಅವನನ್ನು ಚಾವಡಿಯ ಕಂಬಕ್ಕೆ ಕಟ್ಟಿ ಬಾರುಕೋಲಿನಿಂದ ಹೊಡೆದರು. ಆ ವಯಸ್ಸಿನವನನ್ನು. ಜೀವ ಉಳೀತಲ್ಲ ಎಂದು ಅವರಿಗೇ ಅಡ್ಡಬಿದ್ದು ಅತ್ತವನನ್ನು. ಚನ್ನವೀರ ಗಾದಿಯಲ್ಲಿ ಕೂತು ತನ್ನ ಉಂಗುರ ತಿರುಗಿಸುತ್ತಿದ್ದ.

ನಾವು ಬಿಚ್ಚಿ ಕರೆತಂದಾಗ ಬರಮಜ್ಜ ಮಲಗಲು ಒಪ್ಪಲಿಲ್ಲ. ಅತ್ತಿಗೆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಹೇಳಿದ: “ಗಾಳಿ, ಸತ್ತ ಮ್ಯಾಗೆ ಆರಾಮ ಐತೇನವ್ವ?”

“ಐತೆ ಅಜ್ಜ. ಹೊಡೆಯೋರಿಲ್ಲ. ಕರೆಯೋರಿಲ್ಲ.”

“ಹಂಗಾದ್ರೆ ನಂಗೂ ಒಂದು ಗೊಂಬಿ ಮಾಡ್ರಲೇ.”

ಮೊದಲು ಹಾಸ್ಯವೆಂದುಕೊಂಡೆವು. ಅವನು ತಾನೇ ಬಗ್ಗಿ ಹುಲ್ಲು ಎಳೆದುಕೊಳ್ಳತೊಡಗಿದ. ಅಣ್ಣ ಪಕ್ಕದಲ್ಲಿ ಕೂತು ಹಗ್ಗ ಬಿಗಿದ. ಬೆಳಗಾಗುವಷ್ಟರಲ್ಲಿ ಸುದ್ದಿ ಎಲ್ಲ ಮನೆಗೂ ಮುಟ್ಟಿತ್ತು. ಒಬ್ಬೊಬ್ಬರೂ ತಮ್ಮ ಹಳೇ ಬಟ್ಟೆ ತಂದರು. ಕೇರಿಯಲ್ಲಿ ಹುಲ್ಲು ಸಾಲದೆ ಬಾಳೆಯ ಒಣ ಎಲೆ ತುಂಬಿದರು. ನಾನು ನನ್ನ ಅಂಗಿ ಕೊಟ್ಟೆ. ಬಾಣಂತಿಯೊಬ್ಬಳು ಕೂಸಿನ ಕುಲಾವಿ ಹಿಡಿದು ಬಂದು, “ಇದಕ್ಕೂ ಒಂದು ಸಣ್ಣದು ಮಾಡ್ರಿ” ಎಂದಳು. ಅಣ್ಣ ಆ ಕುಲಾವಿಯನ್ನು ಅಂಗೈಯಲ್ಲಿಟ್ಟು ಅಳತೆ ನೋಡಿದ. ಆಮೇಲೆ ಅದನ್ನೂ ಮಾಡಿದೆವು. ಎಲ್ಲರ ಎದುರಿಗೆ, ಹಾಡುಹಗಲಿನಲ್ಲಿ, ಇಡೀ ಕೇರಿಯನ್ನು ಮಣ್ಣು ಮಾಡಿದೆವು. ಕಟ್ಟಳೆಯಲ್ಲಿ ಏನೂ ಕಮ್ಮಿ ಬೀಳದ ಹಾಗೆ ಹಲಗೆಯನ್ನೂ ಬಾರಿಸಿದೆವು.

ವಾಕ್ಯದಯ್ಯ ಏದುಸಿರು ಬಿಡುತ್ತ ಬಂದ. “ಯಾರ ಅಪ್ಪಣೆಯಿಂದ ಇದು? ಬರಮ, ಯಾರು ಹೇಳಿದ್ದು ನಿನಗೆ?”

ಬರಮಜ್ಜ ನಮ್ಮತ್ತ ತಿರುಗಿದ. “ಅಯ್ಯೋ, ಅಯ್ಯನೋರು ಹೆಣದ ಕೂಡ ಮಾತಾಡ್ತಾ ಅದಾರೆ! ಯಾರಾರ ಮನ್ಯಾಗೆ ಬಿಟ್ಟು ಬರ್ರಪಾ ಪಾಪ.”

ನಗೆ ಎದ್ದಿತು. ವಾಕ್ಯದಯ್ಯ ಗುಂಡಿಗಳ ಸಾಲನ್ನು ಒಮ್ಮೆ ನೋಡಿದ. ಅವನೂ ಲೆಕ್ಕ ಹಾಕಿದ್ದ. ಈ ಸಾವುಗಳು ಸುಳ್ಳೆಂದರೆ, ಇದೇ ಹುಲ್ಲು, ಇದೇ ಮಣ್ಣು, ಇದೇ ಹಲಗೆಯಲ್ಲಿ ಸತ್ತ ಗಾಳೆವ್ವನ ಸಾವೂ ಸುಳ್ಳು. ಅದು ಸುಳ್ಳಾದರೆ ಗಾದಿ ಹೋಯಿತು. ಅವನು ಯಾರನ್ನೂ ಕಾಣದವನ ಹಾಗೆ ಕಣ್ಣು ಕೆಳಗೆ ಹಾಕಿ ತಡವರಿಸುತ್ತ ಹೋದ.

ಸತ್ತವರು ಕೂಲಿಗೆ ಹೋಗುವುದಿಲ್ಲ. ಕೋಟೆಯ ಕಸ ಬಿದ್ದಲ್ಲೇ ಬಿತ್ತು. ಕೋಟೆಯ ದನ ಹಸಿದು ಕೂಗಿದವು. ಅವನ್ನು ನೋಡಲಾಗದೆ ಅಣ್ಣ ಹೋಗಿ ಹಗ್ಗ ಬಿಚ್ಚಿ ಬಿಟ್ಟ. ಅವು ನಮ್ಮ ಹೊಲದ ಬದುವಿಗೆ ಬಂದು ಮೇದವು. ನಾವು ಕೋಟೆಯ ಬಾವಿಗೆ ಸಾಲಾಗಿ ಹೋಗಿ ನೀರು ಸೇದಿದೆವು. ಮುದುಕಿಯರು ಅವರ ಜಗುಲಿಯ ನೆರಳಲ್ಲಿ ಕಾಲು ಚಾಚಿ ಕೂತು ಹೇನು ನೋಡಿಕೊಂಡರು. ಕೋಟೆಯವರು ನಮ್ಮ ನಡುವೆ ದಾರಿ ಮಾಡಿಕೊಂಡು, ಮೈ ತಾಕದ ಹಾಗೆ ಓಲಾಡುತ್ತ ನಡೆಯುತ್ತಿದ್ದರು. ಒಲೆಗೆ ತಾವೇ ಕಟ್ಟಿಗೆ ಸೀಳಿ ಕಾಲು ಕೊಯ್ದುಕೊಂಡರು. ನಾವೇನೂ ಸುಖದಲ್ಲಿರಲಿಲ್ಲ. ಮನೆಯ ಕಾಳು ಕರಗುತ್ತಿತ್ತು, ಗಂಜಿ ದಿನದಿನಕ್ಕೆ ತೆಳುವಾಗುತ್ತಿತ್ತು. “ಎಷ್ಟು ದಿನ ಹಿಂಗೆ?” ಎಂದು ಬಳಗದಲ್ಲಿ ಒಬ್ಬ ಕೇಳಿದರೆ ಅತ್ತಿಗೆ, “ಯಾರಿಗೆ ಮೊದ್ಲು ಮನುಷ್ಯರು ಬೇಕಾಗ್ತಾರೋ ನೋಡಾನ” ಎಂದಳು.

ಹಿರೇಧಣಿ ತೀರಿಕೊಂಡ. ಬದಲಿಯಲ್ಲ, ನಿಜವಾಗಿ.

ಕೋಟೆಯವರು ಮಣ್ಣು ತೋಡುವಂತಿಲ್ಲ. ತೋಡಿದವನು ಕೋಟೆಯವನಾಗಿ ಉಳಿಯುವುದಿಲ್ಲ. ಹೆಣವನ್ನು ಕೂರಿಸಿ, ಹೂವು ಹಾಕಿ, ಬೇರೆ ಊರುಗಳ ಕೇರಿಗಳಿಗೆ ಆಳು ಕಳಿಸಿದರು. ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬಂತು: ನಿಮ್ಮೂರಿನ ಸತ್ತವರನ್ನೇ ಕೇಳಿರಿ. ಬೇಸಿಗೆ ಬೇರೆ. ಹೂವಿನ ಪರಿಮಳಕ್ಕೂ ಮುಚ್ಚಿಡಲಾಗದ ವಾಸನೆ ಎದ್ದು ಕೋಟೆಯ ಗೋಡೆ ದಾಟಿ ನಮ್ಮ ಕೇರಿಗೂ ಬಂತು.

ಚನ್ನವೀರ ಬಂದ. ಅವನ ಹಿಂದೆ ಅಷ್ಟು ದೂರದಲ್ಲಿ ವಾಕ್ಯದಯ್ಯ, ಕೋಟೆಯ ಹಿರಿಯರು. ಅವನು ನಮ್ಮ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಗಾಳೆವ್ವ ಅಂಗಳದಲ್ಲಿ ಕೂತು ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಹಾಕುತ್ತಿದ್ದಳು. ತಲೆಯೆತ್ತಲಿಲ್ಲ. ಅವನು ಸುತ್ತ ನೋಡಿದ. ಗೂಟಕ್ಕೆ ಕಟ್ಟಿದ ನಮ್ಮ ಮೇಕೆಯೊಂದಿತ್ತು. ಅದರ ಮುಂದೆ ನಿಂತು ಹೇಳಿದ: “ಮನೆಯಲ್ಲಿ ಹೆಣ ಇದೆ. ಗುಂಡಿ ಆಗಬೇಕಿತ್ತು.”

ಮೇಕೆ ಮೆಲುಕು ಹಾಕಿತು. ಬರಮಜ್ಜ ಕಟ್ಟೆಯ ಮೇಲಿಂದ, “ಪಾಪ, ಅದರ ಕಾಲಾಗೆ ಗೊರಸು, ಅದೇನು ತೋಡೀತು” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಯಾರೋ ಹೆಂಗಸು ಸೆರಗು ಬಾಯಿಗಿಟ್ಟುಕೊಂಡಳು. ಚನ್ನವೀರ ಮೇಕೆಗೆ ಇನ್ನೊಮ್ಮೆ ಹೇಳಿದ, ಈ ಸಲ ಗಟ್ಟಿಯಾಗಿ. ಉಳಿಯ ಸದ್ದು ಟಣ್ ಟಣ್ ಎಂದು ನಡೆದೇ ಇತ್ತು. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಸಿಟ್ಟೋ ಅಳುವೋ ಹೇಳಲಾರೆ.

“ಗಾಳೆವ್ವ” ಎಂದ.

ಉಳಿ ನಿಂತಿತು. ಹಿಂದಿನಿಂದ ವಾಕ್ಯದಯ್ಯ ಕೂಗಿದ: “ಬೇಡ ಚನ್ನವೀರಾ! ಬೇಡ! ಗಾದಿ ಹೋಗತ್ತೆ! ವಾಕ್ಯ—”

“ಅಪ್ಪನ ಹೆಣ ನಾರ್ತಾ ಇದೆ ಅಯ್ಯನವರೇ!” ಅವನು ತಿರುಗಿ ಕಿರುಚಿದ. “ನಿಮಗೆ ಮೂಗಿಲ್ವಾ?”

ಆಮೇಲೆ ಮತ್ತೆ ಇತ್ತ ತಿರುಗಿದ. ಅವಳನ್ನು ನೋಡಿದ. ಅಷ್ಟು ವರ್ಷ ಬೆನ್ನ ಹಿಂದೆಯೇ ಇಟ್ಟುಕೊಂಡು ನಡೆದವನು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

“ಯಾರ ಕೂಡ ಮಾತಾಡ್ತಾ ಇದ್ದೀಯಪ್ಪ?” ಎಂದಳು ಅತ್ತಿಗೆ.

“ನಿನ್ನ ಜೊತೆ.”

“ಹಂಗಾದ್ರೆ ನಾನು ಅದೀನಿ.”

“ಇದ್ದೀಯ.”

“ಇವರು?”

ಅವನು ಕೇರಿಯನ್ನೆಲ್ಲ ಒಂದು ಸುತ್ತು ನೋಡಿದ. ಕಟ್ಟೆಯ ಮೇಲಿನ ಬರಮಜ್ಜನ ಹತ್ತಿರ ಅವನ ಕಣ್ಣು ನಿಂತಿತು, ಅಲ್ಲಿಂದ ತಪ್ಪಿಸಿಕೊಳ್ಳಲು ನೋಡಿ ಮತ್ತೆ ಅಲ್ಲಿಗೇ ಬಂತು. “ಇದ್ದಾರೆ” ಎಂದ. “ಎಲ್ಲರೂ ಇದ್ದಾರೆ.” ಹಿಂದೆ ನಿಂತಿದ್ದ ಹಿರಿಯರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ಕೋಟೆಯ ಕಡೆ ನಡೆದರು. ವಾಕ್ಯದಯ್ಯ ಕೊನೆಯವನು. ಚನ್ನವೀರ ಅವರು ಹೋಗುವುದನ್ನು ನೋಡಲಿಲ್ಲ.

ಅತ್ತಿಗೆ ಎದ್ದು ಸೀರೆಗೆ ಅಂಟಿದ ಕಲ್ಲಿನ ಪುಡಿ ಕೊಡವಿಕೊಂಡಳು. ಒಳಗೆ ಹೋಗಿ ಗುದ್ದಲಿ ತಂದಳು. ಅವನು ಅಣ್ಣನ ಕಡೆ ನೋಡಿದ, ನನ್ನ ಕಡೆ ನೋಡಿದ, ಯಾರು ಬಂದು ಅದನ್ನು ತೆಗೆದುಕೊಳ್ಳುತ್ತಾರೆಂದು. ಅವಳು ಅದನ್ನು ಅವನ ಕೈಗೇ ಕೊಟ್ಟಳು.

“ಜಾಗ ಎಲ್ಲಿ ಅಂತ ನಾವು ತೋರಿಸ್ತೀವಿ. ಹೆಣಕ್ಕೆ ಹೆಗಲೂ ಕೊಡ್ತೀವಿ, ಮನುಷ್ಯರಾದ ಮ್ಯಾಗೆ ಅಷ್ಟು ಮಾಡಬೇಕು. ತೋಡೋದು ಮಾತ್ರ ನೀನು. ನಿಮ್ಮಪ್ಪ ಅಲ್ವಾ?”

ನಾವೆಲ್ಲ ಸುತ್ತ ನಿಂತೆವು. ಗುದ್ದಲಿ ಹಿಡಿಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಮೊದಲ ಏಟು ಕಲ್ಲಿಗೆ ಬಡಿದು ಹಿಡಿ ಅಂಗೈಯಲ್ಲಿ ತಿರುಗಿತು. ಬರಮಜ್ಜ ಹತ್ತಿರ ಹೋಗಿ ಅವನ ಕೈಗಳನ್ನು ಸರಿಯಾದ ಜಾಗಕ್ಕೆ ಇಟ್ಟು ಹಿಂದೆ ಸರಿದ. ಮಧ್ಯಾಹ್ನದ ಹೊತ್ತಿಗೆ ಅಂಗೈ ಬೊಬ್ಬೆಯೆದ್ದು ಒಡೆದಿತ್ತು. ಗುಂಡಿ ಮೊಣಕಾಲಿನವರೆಗೆ ಬಂದಿತ್ತು. ಅವನು ಬೆವರಿನ ಮುಖ ಎತ್ತಿ, ಸಾಕೇ ಎಂಬಂತೆ ಅತ್ತಿಗೆಯನ್ನು ನೋಡಿದ.

ಗಾಳೆವ್ವ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡಿದಳು.

“ಇನ್ನೂ ಆಳ” ಎಂದಳು.